ಪ್ರತಿ ತಿಂಗಳೂ ಹತ್ತನೇ ತಾರೀಕಿಗೆ ಕುಂಟುತ್ತಿದ್ದ ಇಂಟರ್ನೆಟ್

ತುಮಕೂರಿನ ಹಿರೇಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ತಯಾರಿಸುವ ಒಂದು ಫ್ಯಾಕ್ಟರಿ ನಮ್ಮದು. ಕಂಪ್ಯೂಟರ್, ನೆಟ್‌ವರ್ಕ್ ಎಲ್ಲ ನಾನೇ ನೋಡಿಕೊಳ್ಳುವುದು. ಹೆಡ್ ಆಫೀಸ್ ಪೀಣ್ಯದಲ್ಲಿದೆ. ಇಲ್ಲಿನ 8 ಕ್ಯಾಮೆರಾಗಳ ರೆಕಾರ್ಡಿಂಗ್ ವಿಪಿಎನ್ (ಇಂಟರ್ನೆಟ್ ಒಳಗೇ ನಮಗಾಗಿ ಮಾಡಿಕೊಂಡ ಖಾಸಗಿ ದಾರಿ) ಮೂಲಕ ಹಗಲೂ ರಾತ್ರಿ ಅಲ್ಲಿನ ಸರ್ವರ್‌ಗೆ ಹೋಗುತ್ತಿರುತ್ತದೆ.

ತೆಗೆದುಕೊಂಡಿದ್ದು 200 ಎಂಬಿಪಿಎಸ್ 'ಅನ್‌ಲಿಮಿಟೆಡ್' ಬಿಸಿನೆಸ್ ಪ್ಲಾನ್. ಕೆಲವು ದಿನ ಚೆನ್ನಾಗಿ ಓಡುತ್ತಿತ್ತು, ಆಮೇಲೆ ಮೇಲ್ ತೆರೆಯುವುದಕ್ಕೂ ಒದ್ದಾಟ. ದೂರು ಕೊಟ್ಟರೆ ಟೆಕ್ನಿಷಿಯನ್ ಬರುವಷ್ಟರಲ್ಲಿ ಮುಂದಿನ ತಿಂಗಳು ಶುರುವಾಗಿರುತ್ತಿತ್ತು. ಸ್ಪೀಡ್ ಟೆಸ್ಟ್ ಮಾಡಿದರೆ ಪೂರ್ತಿ 200. "ಒಳಗಿನ ವೈರಿಂಗ್ ನೋಡಿಕೊಳ್ಳಿ ಸಾರ್" ಎಂದು ಹೋಗಿಬಿಡುತ್ತಿದ್ದರು. ನಂಬಿದೆ. ಎರಡು ಭಾನುವಾರ ಕೂತು ಕೇಬಲ್ ಎಲ್ಲ ಹೊಸದಾಗಿ ಎಳೆದೆ. ಸ್ವಿಚ್ ಕೂಡ ಬದಲಾಯಿಸಿದೆ.

ಸುಳಿವು ಸಿಕ್ಕಿದ್ದು ನಮ್ಮ ಅಕೌಂಟ್ಸ್ ಮೇಡಂ ಬಾಯಿಂದ. "ಸಾರ್, 11ನೇ ತಾರೀಕು ಜಿಎಸ್‌ಟಿಆರ್-1 ಹಾಕೋ ಹೊತ್ತಿಗೇ ಇದು ಕೈಕೊಡುತ್ತೆ, ಪ್ರತಿ ತಿಂಗಳೂ ಹೀಗೇ ಅಲ್ವಾ?" ಎಂದರು. ಜಿಎಸ್‌ಟಿಆರ್-1 ಎಂದರೆ ಮಾರಾಟದ ಲೆಕ್ಕ ಕೊಡುವ ಜಿಎಸ್‌ಟಿ ರಿಟರ್ನ್.

ಆಗ ಪೆನ್ನು ಹಿಡಿದು ಕೂತೆ. ಒಂದು ಕ್ಯಾಮೆರಾಗೆ 4 ಎಂಬಿಪಿಎಸ್. ಎಂಟಕ್ಕೆ 32. ದಿನಕ್ಕೆ ಸುಮಾರು 345 ಜಿಬಿ. ಪ್ಲಾನಿನ ಷರತ್ತುಗಳಲ್ಲಿ ಸಣ್ಣ ಅಕ್ಷರದಲ್ಲಿ ತಿಂಗಳಿಗೆ 3300 ಜಿಬಿ ಎಂದಿತ್ತು. ಅಪ್‌ಲೋಡ್ ಕೂಡ ಅದರೊಳಗೇ ಲೆಕ್ಕ. ಅಂದರೆ ಹತ್ತನೇ ದಿನ ಮುಗಿಯುವ ಮೊದಲೇ ಖಾಲಿ! ಆಮೇಲೆ ತಿಂಗಳು ಪೂರ್ತಿ ಸ್ಪೀಡ್ ಕಟ್.

ಇದಕ್ಕೆ ಕಾನೂನು ಇಲ್ಲವಾ ಎಂದು ಕೇಳಬಹುದು. 2018ರಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ನೆಟ್ ನ್ಯೂಟ್ರಾಲಿಟಿ ನಿಯಮ ಒಪ್ಪಿಕೊಂಡಿತು. ಒಂದು ವೆಬ್‌ಸೈಟನ್ನೋ ಆ್ಯಪನ್ನೋ ಬೇಕೆಂದೇ ನಿಧಾನ ಮಾಡುವಂತಿಲ್ಲ. ಆದರೆ ಮಿತಿ ದಾಟಿದ ಮೇಲೆ ಎಲ್ಲವನ್ನೂ ಒಂದೇ ಥರ ನಿಧಾನ ಮಾಡುವುದು ಬೇರೆ ವಿಷಯ, ಅದು ಪ್ಲಾನಿನ ಷರತ್ತು. ಓದದೆ ಸಹಿ ಹಾಕಿದ್ದು ನನ್ನ ತಪ್ಪು.

ಹೊಸ ಕನೆಕ್ಷನ್ ಹುಡುಕುವಾಗ ಸ್ಪೀಡ್ ಎಷ್ಟು ಎಂದು ಕೊನೆಗೆ ಕೇಳಿದೆ. ಮಿತಿ ಇದೆಯಾ, ದಾಟಿದರೆ ಎಷ್ಟಕ್ಕೆ ಇಳಿಯುತ್ತದೆ, ಅಪ್‌ಲೋಡ್ ಎಷ್ಟು, ಯಾವ ಪೋರ್ಟ್ (ಡೇಟಾ ಒಳಗೆ-ಹೊರಗೆ ಹೋಗುವ ನಂಬರಿನ ಬಾಗಿಲು) ಬ್ಲಾಕ್ ಮಾಡುತ್ತೀರಿ, ಇವೆಲ್ಲಕ್ಕೂ ಮೇಲ್‌ನಲ್ಲೇ ಉತ್ತರ ಬೇಕು ಎಂದೆ. ಬಾಯಿಮಾತಿನಲ್ಲಿ 'ಏನೂ ಪ್ರಾಬ್ಲಮ್ ಇಲ್ಲ ಸಾರ್' ಎಂದವರಲ್ಲಿ ಇಬ್ಬರು ಮೇಲ್ ಕಳಿಸಲೇ ಇಲ್ಲ.

ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸ, ಬೇಕೇ ಬೇಕು ಎಂದೂ ಹಟ ಹಿಡಿದೆ. ರೂಟರ್‌ನ ವ್ಯಾನ್ (WAN) ಐಪಿ, ಅಂದರೆ ಕಂಪನಿಯವರು ರೂಟರ್‌ಗೆ ಕೊಟ್ಟ ಹೊರಗಿನ ವಿಳಾಸ, 100.64ರಿಂದ 100.127ರ ಒಳಗೆ ಶುರುವಾದರೆ, ಒಂದೇ ಪಬ್ಲಿಕ್ ಐಪಿಯನ್ನು ನಿಮಗೂ ಬೇರೆಯವರಿಗೂ ಹಂಚಿದ್ದಾರೆ ಎಂದರ್ಥ. ಆಗ ಹೊರಗಿನಿಂದ ನೇರವಾಗಿ ನಿಮ್ಮ ಕ್ಯಾಮೆರಾ ನೋಡಲು ಆಗುವುದಿಲ್ಲ. ಹೊರಗಿನಿಂದ ಬಂದದ್ದನ್ನು ಕ್ಯಾಮೆರಾಗೆ ಕಳಿಸುವ ರೂಟರ್ ಸೆಟ್ಟಿಂಗ್, ಅಂದರೆ ಪೋರ್ಟ್ ಫಾರ್ವರ್ಡಿಂಗ್, ಎಷ್ಟು ಸಲ ಮಾಡಿದರೂ ಸುಮ್ನೆ ಶ್ರಮ.

ಲೀಸ್ಡ್ ಲೈನ್ (ನಮಗೊಬ್ಬರಿಗೇ ಮೀಸಲಾದ ಲೈನ್) ಖರ್ಚು ಬಹಳ ಜಾಸ್ತಿ ಆಗುತ್ತಿತ್ತು, ಬಿಟ್ಟೆವು. ಮಿತಿ ಇಲ್ಲವೆಂದು ಬರೆದುಕೊಟ್ಟವರ ಲೈನ್ ಹಾಕಿಸಿದ್ದೇವೆ. ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಡಿಸ್ಕೌಂಟ್ ಕೊಡುತ್ತೇವೆ ಎಂದರು. ಮೊದಲು ಒಂದು 11ನೇ ತಾರೀಕು ದಾಟಲಿ, ಆಮೇಲೆ ಮಾತಾಡೋಣ ಎಂದೆ.