ಶಾಲೆ ತೆರೆದದ್ದು ಚರ್ಚೋ, ಸರ್ಕಾರವೋ?

ಹತ್ತೊಂಬತ್ತನೆಯ ಶತಮಾನದ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು: ಮೊದಲು ಬಂದದ್ದು ಧರ್ಮದ ಶಾಲೆಯೋ, ಸರ್ಕಾರದ ಶಾಲೆಯೋ? ಕೇಳುವವರಲ್ಲಿ ಹೆಚ್ಚಿನವರು ಉತ್ತರವನ್ನೂ ಜೊತೆಗೇ ತಂದಿರುತ್ತಾರೆ. ಮಕ್ಕಳು ಪಾದ್ರಿಗಳ ಹಿಡಿತದಲ್ಲಿದ್ದರು, ಸರ್ಕಾರ ಬಂದು ಬಿಡಿಸಿತು ಎಂದು. ಇಂಗ್ಲೆಂಡಿನ ಮಟ್ಟಿಗೆ ಈ ಕಥೆ ನಿಲ್ಲುವುದಿಲ್ಲ. ಅಲ್ಲಿ ಸರ್ಕಾರ ಶಾಲೆ ಕಟ್ಟಲು ತಡಮಾಡಿದ್ದಕ್ಕೂ, ಕೊನೆಗೆ ಕಟ್ಟಿದ ಶಾಲೆಗೆ ಆ ರೂಪ ಬಂದದ್ದಕ್ಕೂ ಮುಖ್ಯ ಕಾರಣ ಕ್ರೈಸ್ತ ಪಂಗಡಗಳ ಒಳಜಗಳ.

ಈ ಜಗಳದ ಒಂದು ಬೇರು ಮದರಾಸಿನ ಎಗ್ಮೋರಿನಲ್ಲಿದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಅಲ್ಲಿನ ಅನಾಥ ಹುಡುಗರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ. ಸ್ಥಳೀಯ ಶಾಲೆಯೊಂದರಲ್ಲಿ ಮಕ್ಕಳು ಮರಳು ಹರಡಿಕೊಂಡು ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡ. ಕೂಲಿಮಠದ ಕಥೆ ಕೇಳಿ ಬೆಳೆದ ನಮಗೆ ಇದರಲ್ಲಿ ಹೊಸದೇನೂ ಇಲ್ಲ, ಅವನಿಗೆ ಮಾತ್ರ ಅದೊಂದು ಆವಿಷ್ಕಾರ! ತನ್ನ ಉಪಾಧ್ಯಾಯರು ಈ ಕ್ರಮಕ್ಕೆ ಒಗ್ಗದಿದ್ದಾಗ ಎಂಟು ವರ್ಷದ ಹುಡುಗನೊಬ್ಬನನ್ನೇ ಕೂರಿಸಿ ಚಿಕ್ಕವರಿಗೆ ಅಕ್ಷರ ಹೇಳಿಸಿದ. ಕಲಿತವನು ಕಲಿಯದವನಿಗೆ ಕಲಿಸುವ ಈ ಪದ್ಧತಿಯ ವರದಿ 1797ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮರುವರ್ಷ ಅದೇ ಊರಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬ ಯುವಕ, ಇಂಗ್ಲೆಂಡಿನ ಅಧಿಕೃತ ಚರ್ಚಿನಿಂದ ಹೊರಗಿದ್ದ ಕ್ವೇಕರ್ ಪಂಗಡದವನು, ಬಡವರ ಮಕ್ಕಳಿಗೆ ಶಾಲೆ ತೆರೆದ. ಅವನದೂ ಹೆಚ್ಚುಕಡಿಮೆ ಇದೇ ಪದ್ಧತಿ: ಒಬ್ಬ ಮೇಷ್ಟ್ರು, ನೂರಾರು ಹುಡುಗರು.

ಮೊದಲು ಕಂಡುಹಿಡಿದವರು ಯಾರು ಎಂಬ ಜಗಳ ಬೇಗನೆ ಧರ್ಮದ ಜಗಳವಾಯಿತು. ಲ್ಯಾಂಕಾಸ್ಟರನ ಶಾಲೆಯಲ್ಲಿ ಬೈಬಲ್ ಓದಿಸುತ್ತಿದ್ದರು, ಯಾವ ಪಂಗಡದ ಪ್ರಶ್ನೋತ್ತರವನ್ನೂ (ನಂಬಿಕೆಗಳನ್ನು ಪ್ರಶ್ನೆ-ಉತ್ತರವಾಗಿ ಕಲಿಸುವ ಪಾಠ) ಉರುಹೊಡೆಸುತ್ತಿರಲಿಲ್ಲ. ಇಂಗ್ಲೆಂಡಿನ ಅಧಿಕೃತ ಚರ್ಚಿನವರಾದ ಆಂಗ್ಲಿಕನ್ನರಿಗೆ ಅದು ಸಾಲದೆ 1811ರಲ್ಲಿ ನ್ಯಾಷನಲ್ ಸೊಸೈಟಿ ಕಟ್ಟಿಕೊಂಡು ಬೆಲ್‌ನ ಪದ್ಧತಿಯನ್ನು ಹಿಡಿದರು. ಲ್ಯಾಂಕಾಸ್ಟರನ ಕಡೆಯವರ ಸಂಘ 1814ರಲ್ಲಿ ಬ್ರಿಟಿಷ್ ಆ್ಯಂಡ್ ಫಾರಿನ್ ಸ್ಕೂಲ್ ಸೊಸೈಟಿಯಾಯಿತು. ಪೈಪೋಟಿಯಿಂದ ಶಾಲೆಗಳಂತೂ ಹೆಚ್ಚಿದವು.

ಸರ್ಕಾರ ಕೈ ಬಿಚ್ಚಿದ್ದು 1833ರಲ್ಲಿ. ಶಾಲಾ ಕಟ್ಟಡಗಳಿಗೆಂದು 20,000 ಪೌಂಡ್ ಕೊಟ್ಟಿತು, ಅದನ್ನೂ ಈ ಎರಡು ಸೊಸೈಟಿಗಳ ಮೂಲಕವೇ. ಅದೇ ವರ್ಷ ಗುಲಾಮರ ಒಡೆಯರಿಗೆ ಪರಿಹಾರವೆಂದು ಸಂಸತ್ತು ಒಪ್ಪಿದ್ದು ಎರಡು ಕೋಟಿ ಪೌಂಡ್. ಯಾರ ಮಾತಿಗೆ ಎಷ್ಟು ತೂಕವಿತ್ತು ಎಂಬುದು ತಿಳಿಯುತ್ತದೆ. 1843ರಲ್ಲಿ ಕಾರ್ಖಾನೆಯಲ್ಲಿ ದುಡಿಯುವ ಮಕ್ಕಳಿಗೆ ಶಾಲೆ ಕಡ್ಡಾಯ ಮಾಡಲು ಮಸೂದೆ ಬಂತು. ಆ ಶಾಲೆಗಳು ಆಂಗ್ಲಿಕನ್ನರ ಕೈಗೆ ಹೋಗುತ್ತವೆಂದು ಉಳಿದ ಪಂಗಡಗಳು ಅರ್ಜಿಗಳ ಮಳೆಗರೆದವು. ಶಿಕ್ಷಣದ ಕಲಮುಗಳು ಬಿದ್ದುಹೋದವು. ಮಗ್ಗದ ಮುಂದೆ ನಿಂತ ಮಕ್ಕಳನ್ನು ಕೇಳಿದವರಿಲ್ಲ. ಇಡೀ ಇತಿಹಾಸದಲ್ಲಿ ನನಗೆ ಸಿಟ್ಟು ತರಿಸುವ ಭಾಗ ಇದೇ.

1870ರ ಶಿಕ್ಷಣ ಕಾಯಿದೆ ಬಂದಾಗಲೂ ಸರ್ಕಾರ ಚರ್ಚಿನ ಶಾಲೆಗಳನ್ನು ಮುಚ್ಚಲಿಲ್ಲ. ಅವು ಸಾಲದ ಕಡೆ ಮಾತ್ರ ಚುನಾಯಿತ ಮಂಡಳಿಗಳು ಜನರ ತೆರಿಗೆಯಿಂದ ಶಾಲೆ ಕಟ್ಟಬೇಕೆಂದಿತು. ಧರ್ಮಪಾಠದ ವಿಚಾರದಲ್ಲಿ ಕಾಯಿದೆ ಹೂಡಿದ ಉಪಾಯ ಜಾಣತನದ್ದು. ಧರ್ಮಪಾಠವಿದ್ದರೆ ಅದು ಶಾಲೆಯ ಹೊತ್ತಿನ ಮೊದಲಿಗೆ ಅಥವಾ ಕೊನೆಗೆ ಇರಬೇಕು. ಬೇಡವೆನ್ನುವ ತಂದೆತಾಯಿ ಮಗುವನ್ನು ಅಷ್ಟು ಹೊತ್ತು ಹೊರಗಿಡಬಹುದು. ಆ ವೇಳಾಪಟ್ಟಿ ತರಗತಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ತೂಗುಹಾಕಿರಬೇಕು. ಮಂಡಳಿಯ ಶಾಲೆಗಳಲ್ಲಿ ಯಾವುದೇ ಒಂದು ಪಂಗಡದ ಪ್ರಶ್ನೋತ್ತರ ಪಾಠ ಕೂಡದು ಎಂಬ ಕಲಮು ಬೇರೆ. ಅರವತ್ತು ವರ್ಷ ಬಗೆಹರಿಯದ್ದನ್ನು ಗಡಿಯಾರದ ಮುಳ್ಳಿಗೆ ವಹಿಸಿಬಿಟ್ಟರು. ಹಾಜರಿ ಕಡ್ಡಾಯವಾಗಲು 1880 ಬರಬೇಕಾಯಿತು.

ಅಮೆರಿಕದ ನಗರಗಳಲ್ಲಿ ಈ ಕ್ರಮವೇ ತಲೆಕೆಳಗು. ಮ್ಯಾಸಚೂಸೆಟ್ಸ್‌ನಲ್ಲಿ 1837ರಿಂದ ಅಲ್ಲಿನ ಶಿಕ್ಷಣ ಮಂಡಳಿಯ ಕಾರ್ಯದರ್ಶಿ ಹೊರೇಸ್ ಮ್ಯಾನ್ ಬೆಳೆಸಿದ ಸಾರ್ವಜನಿಕ ಶಾಲೆಗಳಲ್ಲಿ ಬೈಬಲನ್ನು ವಿವರಣೆಯಿಲ್ಲದೆ ಓದಿಸುತ್ತಿದ್ದರು. ಅದರಿಂದ ಯಾರಿಗೂ ನೋವಾಗದು ಎಂದು ಪ್ರಾಟೆಸ್ಟೆಂಟರು ನಂಬಿದ್ದರು. ಆದರೆ ಆ ಬೈಬಲ್ಲೇ ಪ್ರಾಟೆಸ್ಟೆಂಟರದು, ಕ್ಯಾಥೊಲಿಕರು ಓದುತ್ತಿದ್ದ ಅನುವಾದ ಬೇರೆ. ಶಾಲೆಯಲ್ಲಿ ಯಾವ ಬೈಬಲ್ ಓದಿಸಬೇಕು ಎಂಬ ತಕರಾರು 1844ರಲ್ಲಿ ಫಿಲಡೆಲ್ಫಿಯಾದಲ್ಲಿ ಗಲಭೆಯಾಗಿ, ಕ್ಯಾಥೊಲಿಕ್ ಚರ್ಚುಗಳು ಸುಟ್ಟುಹೋದವು. ಕ್ಯಾಥೊಲಿಕರು ತಮ್ಮದೇ ಶಾಲೆಗಳನ್ನು ಹೆಚ್ಚಿಸುತ್ತ ಹೋದರು. 1884ರಲ್ಲಿ ಬಾಲ್ಟಿಮೋರಿನಲ್ಲಿ ಸೇರಿದ ಬಿಷಪ್ಪರ ಸಭೆ ಪ್ರತಿ ಚರ್ಚಿನ ಪಕ್ಕದಲ್ಲೂ ಒಂದು ಶಾಲೆ ಏಳಬೇಕೆಂದು ಆಜ್ಞೆ ಮಾಡಿತು. ಅಲ್ಲಿ ಧರ್ಮದ ಶಾಲೆಗಳು ಅಷ್ಟು ದೊಡ್ಡದಾಗಿ ಬೆಳೆದದ್ದು ಸಾರ್ವಜನಿಕ ಶಾಲೆಗೆ ಉತ್ತರವಾಗಿ.