ತಂಗಿಯ ರಿಪೋರ್ಟಲ್ಲಿ ಸಿ3 ಯಾಕೆ ಇಳೀತು

ನನ್ನ ತಂಗಿಗೆ ಲೂಪಸ್, ಅಂದ್ರೆ ನಮ್ಮದೇ ಇಮ್ಯೂನ್ ಸಿಸ್ಟಮ್ ನಮ್ಮ ಮೈ ಮೇಲೇ ತಿರುಗಿ ಬೀಳೋ ಕಾಯಿಲೆ, ಅಂತ ಗೊತ್ತಾಗಿ ನಾಲ್ಕು ವರ್ಷ ಆಯ್ತು. ಮೊದಲ ರಿಪೋರ್ಟ್ ಬಂದಾಗ ಎಲ್ಲರ ಕಣ್ಣು ಬಿದ್ದಿದ್ದು ಎಎನ್‌ಎ ಪಾಸಿಟಿವ್ ಅನ್ನೋ ಸಾಲಿನ ಮೇಲೆ, ಅಮ್ಮ ಅಂತೂ ಅವತ್ತು ಊಟಾನೇ ಮಾಡ್ಲಿಲ್ಲ, ಅದರ ಕೆಳಗೆ ಸಿ3 ಸಿ4 ಅನ್ನೋ ಎರಡು ರಕ್ತದ ಪ್ರೋಟೀನ್‌ಗಳ ನಂಬರ್ ಇದ್ವು, ಕಡಿಮೆ ಅಂತ ಗುರುತು ಹಾಕಿತ್ತು, ಅದನ್ನ ನಾವ್ಯಾರೂ ಲೆಕ್ಕಕ್ಕೇ ತಗೊಳ್ಲಿಲ್ಲ. ಕೊಲೆಸ್ಟ್ರಾಲ್ ಥರ ಇದೂ ಕಡಿಮೆ ಇದ್ರೆ ಒಳ್ಳೇದೇ ಇರ್ಬೇಕು ಅನ್ಕೊಂಡ್ವಿ.

ಎಎನ್‌ಎ ಅಂದ್ರೆ ನಮ್ಮದೇ ಜೀವಕೋಶದ ನ್ಯೂಕ್ಲಿಯಸ್ ಒಳಗಿರೋದರ ಮೇಲೆ ತಿರುಗಿ ಬೀಳೋ ಆಂಟಿಬಾಡಿ. ಲೂಪಸ್ ಇರೋರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಇರತ್ತೆ, ಆದ್ರೆ ಆರೋಗ್ಯವಾಗಿರೋ ಎಷ್ಟೋ ಜನಕ್ಕೂ ಸ್ವಲ್ಪ ಮಟ್ಟಕ್ಕೆ ಇರತ್ತೆ, ಹಾಗಾಗಿ ಅದೊಂದನ್ನೇ ನೋಡಿ ಯಾರೂ ಹೆದರ್ಬೇಡಿ. ಇನ್ನೊಂದು ವಿಷಯ ನನಗೆ ತುಂಬಾ ಸಮಾಧಾನ ಕೊಡ್ತು. ಅಮೆರಿಕದ ಸೈನ್ಯದಲ್ಲಿ ಮುಂಚಿನಿಂದ ತೆಗೆದಿಟ್ಟಿದ್ದ ರಕ್ತದ ಸ್ಯಾಂಪಲ್ ಹುಡುಕಿ ನೋಡಿದ್ರು, 2003ರಲ್ಲಿ ಬಂದ ಅಧ್ಯಯನ ಅದು, ಆಮೇಲೆ ಲೂಪಸ್ ಬಂದ 130 ಜನರಲ್ಲಿ 115 ಜನಕ್ಕೆ ಕಾಯಿಲೆ ಪತ್ತೆಯಾಗೋ ಮುಂಚೇನೇ ಆಂಟಿಬಾಡಿ ಇತ್ತು, ಕೆಲವರಿಗೆ ಒಂಬತ್ತು ವರ್ಷ ಮುಂಚೆ. ಏನು ತಿಂದ್ಲು, ಯಾಕೆ ಅಷ್ಟು ನಿದ್ದೆಗೆಟ್ಟು ಓದಿದ್ಲು ಅಂತ ನೆಂಟರು ಕೇಳ್ತಾನೇ ಇದ್ರು, ತಂಗಿ ಕೂಡ ತನ್ನದೇ ತಪ್ಪು ಅನ್ಕೊಂಡಿದ್ಲು. ಇದನ್ನ ಓದಿ ಹೇಳಿದ ದಿನ ಅತ್ತುಬಿಟ್ಲು.

ಈಗ ಸಿ3 ವಿಷಯ. ಬೇಲಿನೇ ಎದ್ದು ಹೊಲ ಮೇಯ್ದಂಗೆ ಅಂತ ಲೂಪಸ್ ಬಗ್ಗೆ ಎಲ್ಲರೂ ಹೇಳ್ತಾರೆ, ಅದು ನಿಜ, ಆದ್ರೆ ನನಗೆ ಅರ್ಥ ಆಗಿದ್ದು ಕಸದ ಲೆಕ್ಕದಿಂದ. ಮೈಯಲ್ಲಿ ದಿನಾ ಕೋಟಿಗಟ್ಟಲೆ ಜೀವಕೋಶ ಸಾಯತ್ತೆ, ಆ ಕಸಕ್ಕೆ ಸಿ1ಕ್ಯೂ ಅನ್ನೋ ಪ್ರೋಟೀನ್ ಹೋಗಿ ಅಂಟ್ಕೊಳತ್ತೆ, ಅದನ್ನ ನೋಡಿ ಬಿಳಿ ರಕ್ತಕಣ ಬಂದು ನುಂಗಿ ಕ್ಲೀನ್ ಮಾಡತ್ತೆ. ಸಿ1ಕ್ಯೂ, ಸಿ4, ಸಿ3 ಎಲ್ಲಾ ಕಾಂಪ್ಲಿಮೆಂಟ್ ಅನ್ನೋ ಒಂದೇ ಗುಂಪಿನವು. ಹುಟ್ಟಿನಿಂದಲೇ ಸಿ1ಕ್ಯೂ ಇಲ್ಲದೇ ಇರೋರು ತುಂಬಾ ತುಂಬಾ ಅಪರೂಪ, ಆದ್ರೆ ಅಂಥವರಲ್ಲಿ ಬಹುಪಾಲು ಜನಕ್ಕೆ ಲೂಪಸ್ ಥರದ ಕಾಯಿಲೆ ಬರತ್ತೆ! ಕಸ ತೆಗೆಯೋರು ಬರದೇ ಹೋದ್ರೆ ಒಳಗಿರಬೇಕಾದ ಡಿಎನ್‌ಎ ಹೊರಗೆ ಬಿದ್ದಿರತ್ತೆ, ಇಮ್ಯೂನ್ ಸಿಸ್ಟಮ್ ಅದನ್ನೇ ಶತ್ರು ಅನ್ಕೊಳತ್ತೆ.

ತಂಗಿಗೆ ಸಿ1ಕ್ಯೂ ಇದೆ, ಅವಳದ್ದು ಬೇರೆ ತೊಂದರೆ. ಅವಳಲ್ಲಿ ಡಿಎನ್‌ಎ ಮೇಲೇ ತಿರುಗಿ ಬೀಳೋ ಆಂಟಿ ಡಿಎಸ್‌ಡಿಎನ್‌ಎ ಆಂಟಿಬಾಡಿ ಡಿಎನ್‌ಎ ಜೊತೆ ಸೇರಿ ಗಂಟಾಗಿ ಕಿಡ್ನಿಯ ಸೋಸೋ ಜಾಗದಲ್ಲಿ ಕೂರತ್ತೆ, ಆ ಗಂಟು ಕಂಡ ಕೂಡ್ಲೇ ಕಾಂಪ್ಲಿಮೆಂಟ್ ಅಲ್ಲಿ ಮುಗಿಬೀಳತ್ತೆ, ಉರಿ ಎಬ್ಬಿಸತ್ತೆ, ಹಂಗೆ ಖರ್ಚಾಗ್ತಾ ಹೋಗಿ ರಕ್ತದಲ್ಲಿ ಸಿ3 ಸಿ4 ಇಳಿಯತ್ತೆ. ಕಡಿಮೆ ಅಂದ್ರೆ ಒಳಗೆ ಎಲ್ಲೋ ಖರ್ಚಾಗ್ತಿದೆ ಅಂತ ಅರ್ಥ. ಎರಡನೇ ವರ್ಷ ಹಂಗೇ ಆಯ್ತು, ಕೀಲು ನೋವಿಲ್ಲ, ಮುಖದ ಮೇಲೆ ಕೆಂಪಿಲ್ಲ, ಚೆನ್ನಾಗೇ ಓಡಾಡ್ಕೊಂಡಿದ್ಲು, ಆದ್ರೆ ಡಿಎಸ್‌ಡಿಎನ್‌ಎ ಏರಿತ್ತು, ಸಿ3 ಜಾರಿತ್ತು, ಡಾಕ್ಟರ್ ಮೂತ್ರ ಟೆಸ್ಟ್ ಮಾಡಿಸಿದ್ರೆ ಪ್ರೋಟೀನ್ ಹೋಗ್ತಿದೆ, ಬಯಾಪ್ಸಿಯಲ್ಲಿ ನೆಫ್ರೈಟಿಸ್, ಅಂದ್ರೆ ಕಿಡ್ನಿಯ ಉರಿಯೂತ. ಬೇಗ ಸಿಕ್ಕಿದ್ದಕ್ಕೆ ಕಿಡ್ನಿ ಉಳೀತು.

ಒಂದು ಮಾತು, ಕೆಲವರಿಗೆ ಸಿ4 ಜೀನೇ ಕಡಿಮೆ ಇರತ್ತೆ, ಕಾಯಿಲೆ ಶಾಂತವಾಗಿದ್ರೂ ಅವರ ಸಿ4 ಮೇಲೆ ಬರಲ್ಲ. ಅದಕ್ಕೇ ಬೇರೆಯವರ ನಂಬರ್ ಜೊತೆ ಹೋಲಿಸ್ಬೇಡಿ, ನಿಮ್ಮದೇ ಹಳೇ ರಿಪೋರ್ಟ್‌ಗಳನ್ನ ಸಾಲಾಗಿ ಇಟ್ಕೊಂಡು ನೋಡಿ, ಡಾಕ್ಟರ್ ಹತ್ರ ಹೋಗುವಾಗ ಎಲ್ಲಾ ತಗೊಂಡು ಹೋಗಿ.

ಮೊನ್ನೆ ಟೆಸ್ಟ್ ದಿನ ಅಮ್ಮ ಊರಿಂದ ಫೋನ್ ಮಾಡಿದ್ರು. ಎಎನ್‌ಎ ಸುದ್ದೀನೇ ಎತ್ತಲಿಲ್ಲ, ಸಿ ಮೂರು ಎಷ್ಟು ಬಂತು ಅಂತ ಕೇಳಿದ್ರು. 96, ನಾರ್ಮಲ್ ಒಳಗೇ ಇದೆ ಅಂದೆ.