ನೀವು ಏನು ತಿಂತೀರಿ?

ಮಂಗಳೂರು ಕದ್ರಿಯ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಆಟಿ, ಅಂದರೆ ತುಳುವರ ಜೋರು ಮಳೆಯ ತಿಂಗಳು, ಬಂತೆಂದರೆ ತಜಂಕ್ (ಚಗಟೆ ಸೊಪ್ಪು) ತಾನಾಗಿ ಏಳುತ್ತದೆ. ಮೊನ್ನೆ ಬೆಳಿಗ್ಗೆ ಮನೆಗೆಲಸಕ್ಕೆ ಬರುವ ಅಜ್ಜಿ ಅದರ ಕುಡಿ ಚಿವುಟುತ್ತಿದ್ದರು. ವಾಕಿಂಗ್ ಮುಗಿಸಿ ಬಂದ ನಮ್ಮ ಸೆಕ್ರೆಟರಿ ನಿಂತು, "ಅಯ್ಯೋ, ಈ ಕಳೆಯನ್ನೆಲ್ಲ ತಿಂತೀರಾ?" ಎಂದರು.

ಅಜ್ಜಿ ತಲೆ ಎತ್ತಲೇ ಇಲ್ಲ. "ನೀವು ಏನು ತಿಂತೀರಿ?"

ಜಗಳದ ದನಿಯಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಹಾಗಿತ್ತು. ಸೆಕ್ರೆಟರಿ ಬಾಯಿ ತೆರೆದರು, ಮುಚ್ಚಿದರು, ಲಿಫ್ಟ್ ಹತ್ತಿದರು.

ತಮಾಷೆ ಏನು ಗೊತ್ತಾ? ಕಳೆದ ಭಾನುವಾರ ಆಟಿಯ ತಿಂಡಿಗಳನ್ನು ಬಡಿಸುವ 'ಆಟಿಡೊಂಜಿ ದಿನ' ಕಾರ್ಯಕ್ರಮದ ಹಾಲ್‌ನಲ್ಲಿ ತಜಂಕ್ ಅಂಬಡೆಗೆ (ಸೊಪ್ಪಿನ ವಡೆಗೆ) ಮತ್ತೆ ಮತ್ತೆ ಕ್ಯೂ ನಿಂತವರು ಇದೇ ಮನುಷ್ಯ. ಕೆಟ್ಟವರೇನಲ್ಲ ಪಾಪ. ಗಿಡ ನೋಡಿದರೆ ಗುರುತು ಸಿಗಲಿಲ್ಲ, ಅಷ್ಟೇ.

ನಾನೂ ಕೆಳಗಿಳಿದು ಹೋದೆ. ಮೂರು ಜೊತೆ ಎಲೆಯ ಎಳೆ ಕುಡಿ ಮಾತ್ರ ಅಜ್ಜಿಯ ಸೆರಗಿಗೆ ಬೀಳುತ್ತಿತ್ತು. ಹೂ ಬಿಟ್ಟ ಮೇಲೆ ಬಾಯಿಗೆ ಇಡಲಿಕ್ಕಾಗದಂತೆ. ಎಲೆ ಉಜ್ಜಿ ಮೂಸಿದರೆ ಒಂಥರಾ ನಾತ. ಹಲಸಿನ ಬೀಜ, ಕಾಯಿತುರಿ ಹಾಕಿ ಪಲ್ಯ ಮಾಡಿದರೆ ಅದೇ ಎಲೆಯಾ ಅನ್ನಿಸುತ್ತದೆ. ಗೇಟಿನ ಹೊರಗೆ ಚರಂಡಿ ಬದಿಯಲ್ಲೂ ಬೇಕಾದಷ್ಟಿತ್ತು. ಅದನ್ನು ಮುಟ್ಟಲಿಲ್ಲ. "ಅಲ್ಲಿ ಮದ್ದು ಬಿಟ್ಟಿದ್ದಾರೆ. ತುದಿ ಹಳದಿಯಾದದ್ದು ನೋಡಿ" ಎಂದರು.

ಹೀಗೇ ಕಳೆ ಎನಿಸಿಕೊಳ್ಳುವ ಇನ್ನೊಂದು ಸೊಪ್ಪು ಗೋಣಿಸೊಪ್ಪು. ಅದರಲ್ಲಿ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಇದೆ ಎಂದರೆ ಈಗ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಇದೆ, ಸುಳ್ಳಲ್ಲ. ಕಲ್ಲು ಕಟ್ಟಿಸುವ ಆಕ್ಸಲೇಟೂ ಜಾಸ್ತಿ ಇದೆ, ಕಿಡ್ನಿ ಕಲ್ಲಿನವರು ಜೋಪಾನ. ಆದರೆ ಹಿಂದಿನವರು ಆಟಿಯಲ್ಲಿ ಸೊಪ್ಪು ಹುಡುಕಿ ಹೊರಟದ್ದು ಒಮೆಗಾಕ್ಕಲ್ಲ. ಬಿಡದ ಮಳೆ, ಕೂಲಿ ಇಲ್ಲ, ಅಕ್ಕಿಮುಡಿ ಖಾಲಿ. ತಜಂಕ್, ತೇವು (ಕೆಸು), ಕಣಿಲೆ (ಎಳೆ ಬಿದಿರು), ತಿಮರೆ (ಒಂದೆಲಗ) ಸಿಕ್ಕಿದರೆ ಗಂಜಿಗೆ ನೆಂಚಿಕೊಳ್ಳಲು ಏನಾದರೂ ಆಯಿತು. ಹಾಲ್‌ನ ಭಾಷಣಗಳಲ್ಲಿ ಈ ಹಸಿವಿನ ಸುದ್ದಿ ಯಾಕೋ ಬರುವುದೇ ಕಡಿಮೆ. ಬಂದರೆ ಅಂಬಡೆ ರುಚಿ ಕೆಡುತ್ತದೋ ಏನೋ.

ನೀವು ಏನು ತಿಂತೀರಿ? ನನ್ನನ್ನೇ ಕೇಳಿದ್ದರೆ? ಫ್ರಿಜ್‌ನಲ್ಲಿದ್ದದ್ದು ಘಟ್ಟದ ಮೇಲಿನಿಂದ ಬಂದ ಬೀನ್ಸ್, ಕ್ಯಾಬೇಜ್. ಎಲ್ಲಿ ಬೆಳೆದದ್ದು, ಏನು ಹೊಡೆದದ್ದು, ಒಂದೂ ಗೊತ್ತಿಲ್ಲ. ಅಜ್ಜಿಗೆ ಸೆರಗಿನಲ್ಲಿದ್ದ ಒಂದೊಂದು ಕುಡಿಯ ಜಾತಕವೂ ಗೊತ್ತು. ಪಾಠ ಹೇಳಲು ಹೊರಟವರು ಮಾತ್ರ ನಾವು.

ಮುಂದಿನ ಮೀಟಿಂಗಿನಲ್ಲಿ 'ಹಿಂಬದಿ ಕ್ಲೀನಿಂಗ್' ವಿಷಯ ಇದೆ. ಹೂ ಬಿಡುವವರೆಗೆ ಕಡಿಯುವುದು ಬೇಡ, ಮದ್ದಂತೂ ಬೇಡವೇ ಬೇಡ ಎಂದು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದೇನೆ. ಸೆಕ್ರೆಟರಿ ನೋಡಿದ್ದಾರೆ, ಉತ್ತರ ಇಲ್ಲ. ಮೂರನೇ ಮಹಡಿಯವರು ಮಾತ್ರ ಅಂಬಡೆಗೆ ಅಕ್ಕಿ ಎಷ್ಟು ಹೊತ್ತು ನೆನೆಹಾಕಬೇಕು ಎಂದು ಕೇಳಿದ್ದಾರೆ.